ಹಳೇ ಸ್ಪೋರ್ಟ್ಸ್ ಕಾರು, ಸೋರೋ ನಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿಗೂ ಪ್ಲಂಬಿಂಗಿಗೂ ಏನ್ ಸಂಬಂಧ ಗುರು?

ನೀರು. ಬೆಂಗಳೂರಲ್ಲಿ ಹಳೇ ಸ್ಪೋರ್ಟ್ಸ್ ಕಾರ್ ಇಟ್ಕೊಂಡೋರ ಗಾಡಿ ಹಾಳಾಗೋದು ಜೋರಾಗಿ ಓಡಿಸಿ ಅಂತ ಎಲ್ಲಾ ಅನ್ಕೋತಾರೆ, ಜೋರಾಗಿ ಓಡ್ಸಕ್ಕೆ ಇಲ್ಲಿ ಜಾಗ ಎಲ್ಲಿದೆ ಹೇಳಿ. ಹಾಳಾಗೋದು ಮಳೆ ನೀರು ಒಳಗ್ ಹೋಗಿ, ಬೇಸ್‌ಮೆಂಟ್ ಸೀಲಿಂಗಿಂದ ಸುಣ್ಣದ ನೀರು ತೊಟ್ಟಿಕ್ಕಿ, ರೇಡಿಯೇಟರಿಗೆ ಯಾರೋ ಬೋರ್ ನೀರು ಸುರಿದು, ಇಂಥವೇ. ಮನೇಲೂ ಕಾಟ ಕೊಡೋದು ಅದೇ ನೀರು. ಅದಕ್ಕೇ ನನ್ನ ಹತ್ರ ನನ್ನ ಪೋರ್ಷೆ ಬಾಕ್ಸ್‌ಸ್ಟರ್ ಕಾರ್ ಬಗ್ಗೆ ಮಾತು ಶುರು ಮಾಡೋರು ಕೊನೆಗೆ ಬಾತ್‌ರೂಮಿನ ನಲ್ಲಿ ಬಗ್ಗೆ ಕೇಳಿ ಹೋಗ್ತಾರೆ, ನಲ್ಲಿ ಬಗ್ಗೆ ಕೇಳಕ್ಕೆ ಬಂದೋರು ಕಾರ್ ಸೀಟಲ್ಲಿ ಕೂತು ಒಂದು ಫೋಟೋ ತೆಗೆಸ್ಕೊಂಡು ಹೋಗ್ತಾರೆ. ಎಲ್ರಿಗೂ ಒಂದೇ ಉತ್ತರ ಕೊಟ್ಟು ಕೊಟ್ಟು ಸಾಕಾಗಿ ಇಲ್ಲಿ ಬರೆದಿಟ್ಟಿದೀನಿ.

ಕೋಟಿಗಟ್ಲೆ ಇಲ್ದೇ ಸ್ಪೋರ್ಟ್ಸ್ ಕಾರ್ ತಗೊಳ್ಳಕ್ಕೆ ಆಗುತ್ತಾ? ಯಾವುದು ತಗೊಳ್ಳಿ?

ಆಗುತ್ತೆ, ಆದ್ರೆ ಸೆಕೆಂಡ್ ಹ್ಯಾಂಡ್. ನಮ್ಮ ದೇಶದಲ್ಲಿ ಕಡಿಮೆ ದುಡ್ಡಿಗೆ ಹೊಸ ಸ್ಪೋರ್ಟ್ಸ್ ಕಾರ್ ಅನ್ನೋದೇ ಇಲ್ಲ. ಒಂದ್ ಕಾಲದಲ್ಲಿ ಗೋವಾದಲ್ಲಿ ಸ್ಯಾನ್ ಸ್ಟಾರ್ಮ್ ಅಂತ ಎರಡು ಸೀಟಿನ ಫೈಬರ್ ಬಾಡಿ ಗಾಡಿ ಮಾಡ್ತಿದ್ರು, ಪಾಪ ಅದು ನಿಂತೇ ಹೋಯ್ತು. ಈಗ ಹುಡುಕಿದ್ರೆ ಸಿಗೋದು ಬಿಎಂಡಬ್ಲ್ಯೂ ಝಡ್ 4, ಆಡಿ ಟಿಟಿ, ಮರ್ಸಿಡಿಸ್ ಎಸ್‌ಎಲ್‌ಕೆ, 2016ರಲ್ಲಿ ಇಲ್ಲಿಗೆ ಬಂದ ಫೋರ್ಡ್ ಮಸ್ಟಾಂಗ್, ಆಮೇಲೆ ಪೋರ್ಷೆ ಬಾಕ್ಸ್‌ಸ್ಟರ್, ಕೇಮನ್.

ಪೋರ್ಷೆ ಕಡೆ ಹೋಗ್ತೀರಾ ಅಂದ್ರೆ ಒಂದು ವಿಷ್ಯ ತಲೇಲಿ ಇರ್ಲಿ. 2008ರವರೆಗಿನ ಬಾಕ್ಸ್‌ಸ್ಟರ್, ಕೇಮನ್ ಇಂಜಿನ್‌ಗಳಲ್ಲಿ ಇಂಟರ್‌ಮೀಡಿಯೇಟ್ ಶಾಫ್ಟ್ ಬೇರಿಂಗ್ ಅಂತ ಒಂದಿದೆ, ಐಎಂಎಸ್ ಅಂತಾರೆ, ಅದು ಮುರಿದ್ರೆ ಇಂಜಿನ್ನೇ ಹೋಯ್ತು ಅನ್ಕೊಳ್ಳಿ. ಎಲ್ಲಾ ಗಾಡೀಲೂ ಮುರಿಯಲ್ಲ, ಆದ್ರೆ ಮುರಿಯೋ ಮುಂಚೆ ಹೇಳಿ ಮುರಿಯಲ್ಲ. 2009ರಿಂದ ಬಂದ ಇಂಜಿನ್‌ನಲ್ಲಿ ಆ ಬೇರಿಂಗೇ ಇಲ್ಲ. ಅದಕ್ಕೇ ಎರಡ್ಮೂರು ಲಕ್ಷ ಜಾಸ್ತಿ ಆದ್ರೂ ಪರ್ವಾಗಿಲ್ಲ 2009ರ ನಂತರದ್ದೇ ನೋಡಿ ಅಂತೀನಿ. ಹಳೇದೇ ಬೇಕು ಅಂದ್ರೆ ಆಯಿಲ್ ಫಿಲ್ಟರ್ ಬಿಚ್ಚಿಸಿ ಅದರ ಮಡಿಕೆಗಳಲ್ಲಿ ಲೋಹದ ಚೂರು ಹೊಳೀತಿದ್ಯಾ ನೋಡಿಸಿ, ಓನರ್ ಒಪ್ಪಲ್ಲ ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ಇನ್ನೊಂದು, ಬಣ್ಣ ಹೊಳಪು ನೋಡಿ ಮರುಳಾಗ್ಬೇಡಿ, ಸರ್ವಿಸ್ ಬಿಲ್ ಇರೋ ಫೈಲ್ ಕೇಳಿ. ವರ್ಷಕ್ಕೆ 1,000 ಕಿಲೋಮೀಟರ್ ಕೂಡ ಓಡ್ದೇ ನಿಂತಿರೋ ಗಾಡೀಗಿಂತ ವಾರಕ್ಕೊಮ್ಮೆ ಓಡಿ ವರ್ಷಕ್ಕೊಮ್ಮೆ ಆಯಿಲ್ ಬದಲಾದ ಗಾಡಿ ಎಷ್ಟೋ ವಾಸಿ.

ಬೇರೆ ರಾಜ್ಯದ ನಂಬರ್ ಇರೋ ಗಾಡಿ ಚೀಪಾಗಿ ಸಿಗ್ತಿದೆ, ತಗೊಳ್ಲಾ?

ಲೆಕ್ಕ ಹಾಕಿ ತಗೊಳ್ಳಿ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಲೈಫ್ ಟೈಮ್ ಟ್ಯಾಕ್ಸ್ 18%, ಅದರ ಮೇಲೆ ಸೆಸ್ ಬೇರೆ. ಅದಕ್ಕೇ ಪಾಂಡಿಚೇರಿ ನಂಬರಿನ ದೊಡ್ಡ ದೊಡ್ಡ ಗಾಡಿಗಳು ಇಲ್ಲಿ ಓಡಾಡ್ತಿದ್ದಿದ್ದು. ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲೇ ಇಟ್ಕೊಂಡ್ರೆ ಟ್ಯಾಕ್ಸ್ ಕಟ್ಲೇಬೇಕು, ವಯಸ್ಸಿನ ಪ್ರಕಾರ ಸ್ವಲ್ಪ ಕಡಿಮೆ ಆಗುತ್ತೆ ಅಷ್ಟೇ. 2025ರ ಶುರುನಲ್ಲಿ ಸಾರಿಗೆ ಇಲಾಖೆಯವರು ಬೆಂಗಳೂರಲ್ಲಿ ಇಂಥ ಲಕ್ಸುರಿ ಗಾಡಿಗಳನ್ನ ಸಾಲಾಗಿ ಹಿಡಿದು ನಿಲ್ಲಿಸಿದ್ರು, ನೆನಪಿರಬಹುದು. ಎನ್‌ಒಸಿ, ಟ್ಯಾಕ್ಸ್, ಆರ್‌ಸಿ ಬದಲಾವಣೆ ಎಲ್ಲಾ ಸೇರಿಸಿ ನೋಡಿದ್ರೆ "ಚೀಪು" ಅನ್ನೋದು ಬಹಳ ಸಲ ಮಾಯ ಆಗಿರುತ್ತೆ. ಜೊತೆಗೆ ಗಾಡಿಗೆ 15 ವರ್ಷ ಆದ್ಮೇಲೆ ರಿಜಿಸ್ಟ್ರೇಷನ್ ನವೀಕರಣ, ಮಾಮೂಲಿ ಕಾರಿಗೆ 5,000 ಆದ್ರೆ ಇಂಪೋರ್ಟೆಡ್ ಕಾರಿಗೆ 2022ರಿಂದ 40,000 ರೂಪಾಯಿ, 20 ವರ್ಷ ದಾಟಿದ್ರೆ ಇನ್ನೂ ಜಾಸ್ತಿ. ಇದನ್ನ ಡೀಲರ್ ತಾನಾಗೇ ಹೇಳಲ್ಲ.

ಮಳೆ ಬಂದ್ಮೇಲೆ ಕಾರ್ಪೆಟ್ ಒದ್ದೆ. ಸಾಫ್ಟ್ ಟಾಪ್ ಹರಿದಿದ್ಯಾ?

ಹರಿದಿರಲ್ಲ. ಹತ್ತಕ್ಕೆ ಒಂಬತ್ತು ಸಲ ಡ್ರೈನ್ ಕಟ್ಕೊಂಡಿರುತ್ತೆ. ಓಪನ್ ಟಾಪ್ ಗಾಡಿ ಮಾಡೋರು ನೀರು ಒಳಗೆ ಬರೋದೇ ಇಲ್ಲ ಅಂತ ಲೆಕ್ಕ ಹಾಕಿರಲ್ಲ, ಬಂದ ನೀರು ಸೈಡಲ್ಲಿ ಇಳಿದು ಪೈಪಲ್ಲಿ ಕೆಳಗೆ ಹೋಗ್ಲಿ ಅಂತ ದಾರಿ ಮಾಡಿರ್ತಾರೆ. ಬಾಕ್ಸ್‌ಸ್ಟರ್‌ನಲ್ಲಿ ಟಾಪ್ ಮಡಚಿ ಕೂರೋ ಜಾಗದ ಎರಡೂ ಮೂಲೇಲಿ ಒಂದೊಂದು ತೂತಿದೆ, ಮುಂದೆ ಬಾನೆಟ್ ಕೆಳಗೆ ಬ್ಯಾಟರಿ ಅಕ್ಕಪಕ್ಕನೂ ಇದೆ. ಈಗ ನಮ್ಮೂರಲ್ಲಿ ಮರದ ಕೆಳಗೆ ಪಾರ್ಕ್ ಮಾಡ್ತೀವಲ್ಲ, ಜಯನಗರ ಮಲ್ಲೇಶ್ವರದ ಕಡೆ ಗುಲ್‌ಮೊಹರ್ ಎಲೆ, ಮಳೆಮರದ ಎಲೆ, ಇವು ಎಷ್ಟು ಸಣ್ಣ ಅಂದ್ರೆ ಯಾವ ಜಾಲರೀಲೂ ನಿಲ್ಲಲ್ಲ, ನೇರ ಆ ತೂತಿಗೇ ಹೋಗಿ ಧೂಳಿನ ಜೊತೆ ಗಟ್ಟಿ ಕೆಸರಾಗುತ್ತೆ. ಆಮೇಲೆ ನೀರಿಗೆ ಹೋಗಕ್ಕೆ ಉಳಿದ ದಾರಿ ಕಾರಿನ ಒಳಗಡೆ.

ಒಳಗೆ ಬಂದ್ರೆ ಬರೀ ವಾಸನೆ ಅಲ್ಲ ಪ್ರಾಬ್ಲಮ್ಮು. ಮೊದಲ ತಲೆಮಾರಿನ ಬಾಕ್ಸ್‌ಸ್ಟರ್, ಅಂದ್ರೆ 986 ಮಾಡೆಲಲ್ಲಿ ಇಮ್ಮೊಬಿಲೈಜರ್ (ಕಳ್ಳರು ಸ್ಟಾರ್ಟ್ ಮಾಡ್ದಂಗೆ ತಡೆಯೋ) ಬಾಕ್ಸ್ ಇರೋದು ಸೀಟ್ ಕೆಳಗೆ, ನೆಲದ ಮಟ್ಟದಲ್ಲಿ. ಅದು ನೆನೆದ್ರೆ ಗಾಡಿ ಸ್ಟಾರ್ಟೇ ಆಗಲ್ಲ, ಲಾಕ್ ತಾನಾಗೇ ಬಡ್ಕೊಳ್ಳುತ್ತೆ, ಬಿಲ್ ನೋಡಿದ್ರೆ ನಿಮ್ಮ ಎದೆ ಬಡ್ಕೊಳ್ಳುತ್ತೆ.

ಮಾಡ್ಬೇಕಾದ್ದು ಇಷ್ಟು: ಮೇ ತಿಂಗಳಲ್ಲಿ ಮಳೆ ಶುರು ಆಗೋ ಮುಂಚೆ ಟಾಪ್ ಅರ್ಧ ತೆಗೆದು ಮೂಲೆಗಳಲ್ಲಿರೋ ಕಸ ಕೈಯಲ್ಲಿ ಎತ್ತಿ, ಮೆತ್ತಗಿರೋ ಪ್ಲಾಸ್ಟಿಕ್ ವಯರ್ ನಿಧಾನಕ್ಕೆ ತೂರಿಸಿ, ಒಂದು ಲೋಟ ನೀರು ಹಾಕಿ ಕಾರ್ ಕೆಳಗೆ ಬರ್ತಿದ್ಯಾ ನೋಡಿ. ಕಬ್ಬಿಣದ ತಂತಿ ಬೇಡ, ಜೋರಾಗಿ ಕಂಪ್ರೆಸರ್ ಗಾಳಿನೂ ಬೇಡ, ಒಳಗೆ ಪೈಪ್ ಜಾಯಿಂಟ್ ಕಳಚ್ಕೊಂಡ್ರೆ ಮತ್ತೆ ಸಿಗಲ್ಲ. ಜೊತೆಗೆ ಮುಂದಿನ ಬಂಪರ್‌ನ ಎರಡು ದೊಡ್ಡ ತೂತಲ್ಲೂ ಇಣುಕಿ, ರೇಡಿಯೇಟರ್ ಎಸಿ ಕಂಡೆನ್ಸರ್ ಮಧ್ಯೆ ಎಲೆ ತುಂಬಿ ಕೊಳೆತು ಅದೂ ತುಕ್ಕು ಹಿಡಿಯುತ್ತೆ.

ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಮೇಲಿಂದ ನೀರು ಬಿದ್ದು ಕಾರ್ ಮೇಲೆ ಬಿಳಿ ಕಲೆ ಆಗಿದೆ, ಉಜ್ಜಿದ್ರೂ ಹೋಗ್ತಿಲ್ಲ.

ಉಜ್ಜಬೇಡಿ ಮೊದಲು! ಅದು ಬರೀ ನೀರಲ್ಲ, ಕಾಂಕ್ರೀಟಿನ ಒಳಗಿಂದ ಇಳಿದು ಬರ್ತಾ ಸಿಮೆಂಟಿನ ಸುಣ್ಣ ಕರಗಿಸ್ಕೊಂಡು ಬಂದಿರುತ್ತೆ, ಕ್ಷಾರ. ಒಣಗಿದ್ರೆ ಕಲ್ಲಾಗುತ್ತೆ, ಬಿಟ್ರೆ ಪೇಂಟ್ ಮೇಲಿನ ಕ್ಲಿಯರ್ ಕೋಟನ್ನೇ ತಿನ್ನುತ್ತೆ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ನೆನೆಸಿ ಕಲೆ ಮೇಲೆ ಒಂದೆರಡು ನಿಮಿಷ ಇಟ್ಟು, ತೆಗೆದು, ಚೆನ್ನಾಗಿ ತೊಳೀರಿ. ಬಿಸಿಲಲ್ಲಿ ಮಾಡ್ಬೇಡಿ. ಆಮೇಲೂ ಬೆರಳಿಗೆ ಗುಳಿ ಸಿಕ್ರೆ ಪಾಲಿಶ್ ಮಾಡೋರ ಹತ್ರನೇ ಹೋಗ್ಬೇಕು.

ಆದ್ರೆ ಕಲೆ ತೆಗೆಯೋದು ಅರ್ಧ ಕೆಲಸ, ನೀರು ಎಲ್ಲಿಂದ ಬರ್ತಿದೆ ಅನ್ನೋದೇ ಮುಖ್ಯ. ಅಸೋಸಿಯೇಷನ್ನಲ್ಲಿ ಹೇಳಿದ್ರೆ "ವಾಟರ್ ಪ್ರೂಫಿಂಗ್ ಮಾಡಿಸ್ಬೇಕು ಸರ್, ಮುಂದಿನ ಎಜಿಎಂನಲ್ಲಿ ನೋಡೋಣ" ಅಂತಾರೆ. ನೀವೇ ಒಂದು ವಾರ ನೋಡಿ: ಮಳೆ ಬಂದಾಗ ಮಾತ್ರ ಬಿದ್ರೆ ಮೇಲಿನ ಗಾರ್ಡನ್ ಅಥವಾ ಪೋಡಿಯಂ ಸ್ಲ್ಯಾಬ್. ಬೆಳಿಗ್ಗೆ ಏಳರಿಂದ ಒಂಬತ್ತು ಜಾಸ್ತಿ ಆಮೇಲೆ ಕಡಿಮೆ ಅಂದ್ರೆ ಯಾರದ್ದೋ ಬಾತ್‌ರೂಮ್ ಡ್ರೈನ್. ಹಗಲೂ ರಾತ್ರಿ ಒಂದೇ ಸಮ ಅಂದ್ರೆ ಪ್ರೆಶರ್ ಇರೋ ಸಪ್ಲೈ ಲೈನ್, ಅದನ್ನ ವಾಲ್ವ್ ಮುಚ್ಚಿ ನೋಡಿದ್ರೆ ಗೊತ್ತಾಗುತ್ತೆ. ಈ ಮೂರರಲ್ಲಿ ಯಾವುದು ಅಂತ ಹೇಳಿದ್ರೆ ಪ್ಲಂಬರ್ ಅರ್ಧ ದಿನ ಗೋಡೆ ಒಡೆಯೋದು ತಪ್ಪುತ್ತೆ.

ನಲ್ಲಿ ತೊಟ್ಟಿಕ್ತಿದೆ. ಎಷ್ಟ್ ಟೈಟ್ ಮಾಡಿದ್ರೂ ನಿಲ್ತಿಲ್ಲ, ಏನ್ ಮಾಡ್ಲಿ?

ಟೈಟ್ ಮಾಡೋದು ನಿಲ್ಲಿಸಿ, ಮೊದಲನೇದು. ಒಳಗಿನ ವಾಷರ್ ಸವೆದಿದ್ರೆ ನೀವು ಒತ್ತಿದಷ್ಟೂ ಅದು ಇನ್ನೂ ಕತ್ತರಿಸ್ಕೊಳ್ಳುತ್ತೆ, ಅದರ ಕೆಳಗಿನ ಹಿತ್ತಾಳೆ ಸೀಟೂ ಸವೆಯುತ್ತೆ. ಸೆಕೆಂಡಿಗೆ ಒಂದು ಹನಿ ಅಂದ್ರೆ ದಿನಕ್ಕೆ ಸುಮಾರು 20 ಲೀಟರ್, ಒಂದು ಕ್ಯಾನ್ ನೀರು ಸುಮ್ನೆ ಮೋರಿಗೆ. ತೊರೆಕಾಡನಹಳ್ಳಿಯಿಂದ 100 ಕಿಲೋಮೀಟರ್ ಪಂಪ್ ಮಾಡ್ಕೊಂಡು, ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸ್ಕೊಂಡು ಬಂದ ಕಾವೇರಿ ನೀರು ಅದು ಸ್ವಾಮಿ.

ನಲ್ಲಿ ಎರಡು ಥರ. ತಿರುಪಿ ತಿರುಪಿ ಮೂರ್ನಾಲ್ಕು ಸುತ್ತು ತಿರುಗಿಸೋದು ಹಳೇದು, ಅದರಲ್ಲಿ ರಬ್ಬರ್ ವಾಷರ್ ಇರುತ್ತೆ, ಹತ್ತು ರೂಪಾಯಿ ಒಳಗೆ. ಕಾಲು ಸುತ್ತು ಅರ್ಧ ಸುತ್ತಿಗೇ ನಿಲ್ಲೋದು ಹೊಸದು, ಅದರಲ್ಲಿ ಸೆರಾಮಿಕ್ ಡಿಸ್ಕ್ ಇರೋ ಸ್ಪಿಂಡಲ್ ಅಥವಾ ಕಾರ್ಟ್ರಿಡ್ಜ್, ಅದನ್ನ ಇಡಿಯಾಗಿ ಬದಲಾಯಿಸ್ಬೇಕು, ಕಂಪನಿ ಮೇಲೆ 150ರಿಂದ 400ರ ತನಕ.

ಮೊದಲು ನೀರು ನಿಲ್ಲಿಸಿ. ವಾಷ್ ಬೇಸಿನ್, ಸಿಂಕ್ ಆದ್ರೆ ಕೆಳಗೆ ಆಂಗಲ್ ಕಾಕ್ ಅನ್ನೋ ಸಣ್ಣ ವಾಲ್ವ್ ಇರುತ್ತೆ, ಗೋಡೆ ನಲ್ಲಿ ಆದ್ರೆ ಬಾತ್‌ರೂಮ್ ಮೇನ್ ವಾಲ್ವ್, ಅದೂ ಇಲ್ಲಾಂದ್ರೆ ಟೆರೇಸ್ ಟ್ಯಾಂಕ್ ಹತ್ರ ಇರೋ ಗೇಟ್ ವಾಲ್ವ್. ಮುಚ್ಚಿದ್ಮೇಲೆ ನಲ್ಲಿ ತೆರೆದು ಪೂರ್ತಿ ನಿಂತಿದ್ಯಾ ನೋಡಿ, ಇದನ್ನ ಬಿಟ್ಟು ಸ್ಪಿಂಡಲ್ ಬಿಚ್ಚಿದೋರು ಹೇಗೆ ನೆನೆದ್ರು ಅಂತ ನಾನ್ ಹೇಳೋದೇ ಬೇಡ. ಡ್ರೈನ್ ಮೇಲೆ ಒಂದು ಬಟ್ಟೆ ಹಾಕಿ, ಸಣ್ಣ ಸ್ಕ್ರೂ ಬಿದ್ರೆ ನಹಾನಿ ಟ್ರಾಪ್ (ಬಾತ್‌ರೂಮ್ ನೆಲದ ಜಾಲರಿ ಕೆಳಗೆ ನೀರು ನಿಲ್ಲೋ ಬಟ್ಟಲು) ಒಳಗೆ ಕೈ ಹಾಕ್ಬೇಕಾಗುತ್ತೆ. ಹ್ಯಾಂಡಲ್ ಮೇಲಿನ ಸಣ್ಣ ಮುಚ್ಚಳ ಎತ್ತಿ, ಸ್ಕ್ರೂ ಬಿಚ್ಚಿ, ಹ್ಯಾಂಡಲ್ ಎಳೆದು, ಒಳಗಿನ ನಟ್ಟಿಗೆ ಅಡ್ಜಸ್ಟಬಲ್ ಸ್ಪ್ಯಾನರ್ ಹಾಕಿ ಎಡಕ್ಕೆ. ಕ್ರೋಮ್ ಗೀಚಬಾರ್ದು ಅಂದ್ರೆ ಸ್ಪ್ಯಾನರ್ ಬಾಯಿಗೆ ಬಟ್ಟೆ ಸುತ್ತಿ. ಬಿಚ್ಚಿದ ಹಳೇ ಸ್ಪಿಂಡಲ್ ಜೇಬಿಗೆ ಹಾಕ್ಕೊಂಡೇ ಅಂಗಡಿಗೆ ಹೋಗಿ, ಫೋಟೋ ತೋರ್ಸಿದ್ರೆ ಹಲ್ಲಿನ ಲೆಕ್ಕ ಸರಿ ಹೋಗಲ್ಲ, ಎರಡು ಸಲ ಓಡಾಟ ಗ್ಯಾರಂಟಿ.

ಒಂದ್ ಮಾತು, ಬೋರ್ ನೀರಿನ ಮನೆಗಳಲ್ಲಿ ಸೆರಾಮಿಕ್ ಸ್ಪಿಂಡಲ್ ಹೋಗಿರಲ್ಲ, ಮಧ್ಯೆ ಮರಳು ಕಾಳೋ ಸುಣ್ಣವೋ ಸಿಕ್ಕಿರುತ್ತೆ. ರಾತ್ರಿ ವಿನೆಗರಲ್ಲಿ ನೆನೆಸಿಟ್ಟು ಬೆಳಿಗ್ಗೆ ತೊಳೆದು ಹಾಕಿ ನೋಡಿ, ಸುಮಾರು ಸಲ ಅಷ್ಟಕ್ಕೇ ಸರಿ ಹೋಗುತ್ತೆ.

ಟೆಫ್ಲಾನ್ ಟೇಪ್ ಎಷ್ಟು ಸುತ್ತು? ಕಾರಿಗೂ ಹಾಕ್ಬೋದಾ?

ನಲ್ಲಿಗೆ ಹತ್ತರಿಂದ ಹದಿನೈದು ಸುತ್ತು, ಥ್ರೆಡ್ ನಿಮ್ಮ ಕಡೆ ಮುಖ ಮಾಡಿ ಹಿಡಿದು ಗಡಿಯಾರದ ದಿಕ್ಕಲ್ಲಿ, ಎಳೆದು ಬಿಗಿಯಾಗಿ. ಉಲ್ಟಾ ಸುತ್ತಿದ್ರೆ ನಲ್ಲಿ ತಿರುಗಿಸ್ತಿದ್ದಂಗೇ ಬಿಚ್ಕೊಂಡು ಬರುತ್ತೆ. ಹಳೇ ಜಿಐ (ಕಬ್ಬಿಣದ) ಪೈಪಿಗೆ ನಮ್ಮ ಹಿರಿಯ ಪ್ಲಂಬರ್‌ಗಳು ಈಗಲೂ ಸೆಣಬು, ಬಿಳಿ ಪೇಂಟು ಹಾಕ್ತಾರೆ, ಅದೂ ಒಳ್ಳೇದೇ, ತಡೀಬೇಡಿ. ಹೆಲ್ತ್ ಫಾಸೆಟ್, ಕನೆಕ್ಷನ್ ಪೈಪ್‌ಗೆ ಒಳಗೆ ರಬ್ಬರ್ ವಾಷರ್ ಇರುತ್ತಲ್ಲ, ಅಲ್ಲಿ ಟೇಪ್ ಬೇಡ.

ಕಾರಲ್ಲಿ ಬೇಡ. ಆಯಿಲ್, ಪೆಟ್ರೋಲ್, ಬ್ರೇಕ್ ಲೈನಿಗೆ ಮನೆಯ ಬಿಳಿ ಟೇಪ್ ಹಾಕೋರನ್ನ ಕಂಡ್ರೆ ಗಾಡಿ ವಾಪಸ್ ತಗೊಂಡು ಬನ್ನಿ. ಚೂರು ಹರಿದು ಒಳಗೆ ಹೋದ್ರೆ ಸಣ್ಣ ದಾರಿ ಕಟ್ಟುತ್ತೆ. ಎಂ-ಸೀಲನ್ನ ರೇಡಿಯೇಟರಿಗೆ ಮೆತ್ತೋದೂ ಅಷ್ಟೇ, ದಾರೀಲಿ ನಿಂತಾಗ ಮನೆ ತನಕ ತಲುಪಿಸಬಹುದು ಅದಕ್ಕಿಂತ ಮುಂದೆ ಇಲ್ಲ.

ಹಾಗಾದ್ರೆ ಎಷ್ಟು ಟೈಟ್ ಮಾಡ್ಬೇಕು?

ಕಾರಿಗೆ ನಂಬರ್ ಇದೆ. ನನ್ನ ಬಾಕ್ಸ್‌ಸ್ಟರ್ 987, ಆಯಿಲ್ ಡ್ರೈನ್ ಪ್ಲಗ್ 50 ನ್ಯೂಟನ್ ಮೀಟರ್, ವೀಲ್ ಬೋಲ್ಟ್ 130. ಬಿಗಿತ ಅಳೆಯೋ ಟಾರ್ಕ್ ರೆಂಚ್ ಕ್ಲಿಕ್ ಅಂದ್ರೆ ಕೈ ತೆಗೀಬೇಕು, "ಇರ್ಲಿ ಇನ್ನೊಂಚೂರು" ಅನ್ನಬಾರ್ದು, ಅಲ್ಯೂಮಿನಿಯಂ ಥ್ರೆಡ್ ಒಂದ್ಸಲ ಹೋದ್ರೆ ಆಯಿಲ್ ಬದಲಾವಣೆಗೆ ಅಂತ ಹೋದೋನು ಆಯಿಲ್ ಸಂಪೇ ತಗೊಂಡು ಬರ್ತಾನೆ. ವೀಲ್ ಬೋಲ್ಟನ್ನ ಗಾಳಿ ಗನ್ನಲ್ಲಿ ಬಿಗಿಯೋ ಟೈರ್ ಅಂಗಡಿಯವರಿಗೆ ಮೊದಲೇ ಹೇಳಿ, ಕೊನೇ ಬಿಗಿತ ಕೈಯಲ್ಲೇ ಅಂತ.

ನಲ್ಲಿಗೆ ನಂಬರ್ ಇಲ್ಲ. ಪ್ಲಾಸ್ಟಿಕ್ ನಟ್ ಆದ್ರೆ ಕೈಯಲ್ಲೇ ಸಾಕು, ಹಿತ್ತಾಳೆ ಆದ್ರೆ ಕೈಯಲ್ಲಿ ನಿಂತ್ಮೇಲೆ ಸ್ಪ್ಯಾನರಲ್ಲಿ ಕಾಲು ಸುತ್ತು. ಸಿಪಿವಿಸಿ ಅನ್ನೋ ಪ್ಲಾಸ್ಟಿಕ್ ಪೈಪಿನ ಹಿತ್ತಾಳೆ ಎಲ್ಬೋ ಗೋಡೆ ಒಳಗೆ ಕೂತಿರುತ್ತೆ, ಅದಕ್ಕೆ ಜಿಮ್ ಬಲ ತೋರ್ಸಿ ಬಿರುಕು ಬಿಟ್ರೆ ಟೈಲ್ಸ್ ಒಡೀಬೇಕು.

ಕೂಲಂಟ್ ಕಡಿಮೆ ಆಗಿದೆ, ನಲ್ಲಿ ನೀರು ಹಾಕ್ಲಾ? ಆರ್‌ಓ ನೀರು?

ಕಾರ್ ಬಿಸಿ ಏರಿ ರೋಡಲ್ಲಿ ನಿಂತಿದೀರಾ ಅಂದ್ರೆ ತಣ್ಣಗಾದ್ಮೇಲೆ ಯಾವ ನೀರಾದ್ರೂ ಹಾಕಿ, ಮನೆಗೆ ಬಂದು ಬದಲಾಯಿಸಿ. ಅದು ಬಿಟ್ರೆ ಡಿಸ್ಟಿಲ್ಡ್ ನೀರು, ಕಾರ್ ಕಂಪನಿ ಹೇಳಿದ ಕೂಲಂಟ್ ಅರ್ಧಕ್ಕರ್ಧ, ಅಷ್ಟೇ. ಕುಡಿಯೋ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರ್ಲಿ, ಬೇರೆ ಮೂಲ ಇಲ್ಲಾಂದ್ರೆ 600ರ ತನಕ ನಡೆಯುತ್ತೆ ಅಂತ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳುತ್ತೆ, ನಮ್ಮ ಸುಮಾರು ಬೋರ್‌ಗಳು ಆ 200ನ್ನ ಯಾವತ್ತೋ ದಾಟಿವೆ. ನಿಮ್ಮ ಗೀಸರ್ ಕಾಯಿಲ್ ಮೇಲೆ ಕೂರೋ ಆ ಬಿಳಿ ಪದರವೇ ರೇಡಿಯೇಟರಿನ ಸಣ್ಣ ನಾಳದೊಳಗೂ ಕೂರುತ್ತೆ. ಆರ್‌ಓ ನೀರು ಬೋರ್ ನೀರಿಗಿಂತ ವಾಸಿ, ಡಿಸ್ಟಿಲ್ಡ್ ಅಲ್ಲ.

ಅದಕ್ಕಿಂತ ಮುಖ್ಯ, ಕೂಲಂಟ್ ಯಾಕೆ ಕಡಿಮೆ ಆಯ್ತು ಅಂತ ನೋಡಿ. ಅದು ಸುಮ್ನೆ ಖರ್ಚಾಗೋ ವಸ್ತು ಅಲ್ಲ, ಎಲ್ಲೋ ಸೋರ್ತಿದೆ.

ಕಾರ್ ತೊಳೆದ್ರೆ ಫೈನ್ ಹಾಕ್ತಾರಂತೆ ನಿಜಾನಾ?

ನಿಜ. 2024ರ ಮಾರ್ಚಲ್ಲಿ ನೀರಿಗೆ ಹಾಹಾಕಾರ ಆದಾಗ ಬೆಂಗಳೂರು ಜಲಮಂಡಳಿ, ಅಂದ್ರೆ ಬಿಡಬ್ಲ್ಯೂಎಸ್‌ಎಸ್‌ಬಿಯವರು ಕುಡಿಯೋ ನೀರಲ್ಲಿ ವಾಹನ ತೊಳೆದ್ರೆ 5,000 ರೂಪಾಯಿ ದಂಡ ಅಂದ್ರು, 2025ರ ಫೆಬ್ರವರೀಲಿ ಮತ್ತೆ ಅದೇ ಆದೇಶ. ಆ ವರ್ಷ ಅಕ್ಟೋಬರಲ್ಲಿ, ಅಂದ್ರೆ 2024ರ ಅಕ್ಟೋಬರಲ್ಲಿ, ದಿನಕ್ಕೆ 775 ದಶಲಕ್ಷ ಲೀಟರಿನ ಕಾವೇರಿ ಐದನೇ ಹಂತ ಬಂದ್ಮೇಲೂ ಬೇಸಿಗೇಲಿ ನಿಯಮ ಬಂತು ಅಂದ್ರೆ ಪರಿಸ್ಥಿತಿ ಅರ್ಥ ಮಾಡ್ಕೊಳ್ಳಿ.

ನಾನು ಮಳೆ ನೀರು ಹಿಡಿದ ಡ್ರಮ್ಮಿಂದ ಎರಡು ಬಕೆಟ್ ತಗೋತೀನಿ, ಒಂದು ಸೋಪಿಗೆ ಒಂದು ತೊಳೆಯಕ್ಕೆ, ಸಾಕಾಗುತ್ತೆ. ಮಳೆ ನೀರಲ್ಲಿ ಸುಣ್ಣ ಇಲ್ಲ, ಒಣಗಿದ್ರೂ ಕಲೆ ಕೂರಲ್ಲ, ಬೋರ್ ನೀರಲ್ಲಿ ತೊಳೆದು ಕಪ್ಪು ಕಾರನ್ನ ಬಿಸಿಲಿಗೆ ಬಿಟ್ರೆ ಆಗೋ ಚುಕ್ಕಿ ಚುಕ್ಕಿ ನೋಡಿರ್ತೀರಲ್ಲ.

ಫ್ಲಶ್ ಟ್ಯಾಂಕ್ ಸೋರ್ತಿದ್ಯೋ ಇಲ್ವೋ ಹೇಗೆ ಗೊತ್ತಾಗೋದು?

ರಾತ್ರಿ ಟ್ಯಾಂಕಿಗೆ ಸ್ವಲ್ಪ ಫುಡ್ ಕಲರ್ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡ್ಬೇಡಿ. ಕಮೋಡಲ್ಲಿ ಬಣ್ಣ ಕಂಡ್ರೆ ಕೆಳಗಿನ ರಬ್ಬರ್ ಸೀಲ್ ಹೋಗಿದೆ. ಬಣ್ಣ ಬರ್ಲಿಲ್ಲ ಆದ್ರೂ ನೀರಿನ ಸದ್ದು ಬರ್ತಿದೆ ಅಂದ್ರೆ ಫ್ಲೋಟ್ ಎತ್ತರ ಜಾಸ್ತಿ ಆಗಿ ಓವರ್‌ಫ್ಲೋ ಪೈಪಿಗೆ ಹೋಗ್ತಿದೆ, ಫ್ಲೋಟಿನ ಸ್ಕ್ರೂ ತಿರುಗಿಸಿ ಒಂದಿಂಚು ಇಳಿಸಿ. ಗೋಡೆ ಒಳಗಿನ ಕನ್ಸೀಲ್ಡ್ ಟ್ಯಾಂಕಿಗೂ ಬಟನ್ ಪ್ಲೇಟ್ ತೆಗೆದ್ರೆ ಅದೇ ಎಲ್ಲಾ ಸಿಗುತ್ತೆ, ಗೋಡೆ ಒಡೀಬೇಕು ಅಂತ ಯಾರಾದ್ರೂ ಹೇಳಿದ್ರೆ ಇನ್ನೊಬ್ರನ್ನ ಕೇಳಿ.

ಗೀಸರ್ ಕೆಳಗೆ ಹನಿ ಬೀಳ್ತಿದೆ, ಭಯ.

ಕಾಯುವಾಗ ಮಾತ್ರ ಸೇಫ್ಟಿ ವಾಲ್ವಿಂದ ಒಂದೆರಡು ಹನಿ ಬಂದ್ರೆ ಅದು ಅದರ ಕೆಲಸ, ನೀರು ಹಿಗ್ಗುತ್ತೆ, ಒತ್ತಡ ಹೊರಗೆ ಹೋಗ್ಬೇಕು. ದಯವಿಟ್ಟು ಅದಕ್ಕೆ ಬಿರಡೆ ಹಾಕ್ಬೇಡಿ, ಟೇಪ್ ಸುತ್ಬೇಡಿ, ಟ್ಯಾಂಕೇ ಸಿಡಿಯುತ್ತೆ. ಆಫ್ ಇದ್ದಾಗಲೂ ನಿಲ್ದೇ ಬಂದ್ರೆ ವಾಲ್ವ್ ಬದಲಾಯಿಸಿ. ಬಾಡಿಯಿಂದಲೇ ಸೋರ್ತಿದ್ರೆ ಎಂಸಿಬಿ ಆಫ್ ಮಾಡಿ ಕೈ ಹಾಕ್ದೇ ಕಂಪನಿಯವರನ್ನ ಕರೀರಿ. ಕರೆಂಟು ನೀರು ಎರಡೂ ಸೇರೋ ಜಾಗದಲ್ಲಿ ನನ್ನ ಸಲಹೆ ಇಷ್ಟೇ.

ದೊಡ್ಡ ರೇನ್ ಶವರ್ ಹಾಕಿಸ್ದೆ, ನೀರು ಅಳ್ತಾ ಬರುತ್ತೆ.

ಟ್ಯಾಂಕ್ ಎಷ್ಟು ಎತ್ತರ? ಹತ್ತು ಮೀಟರಿಗೆ ಒಂದು ಬಾರ್ ಪ್ರೆಶರ್. ನಿಮ್ದು ಟಾಪ್ ಫ್ಲೋರ್, ಟ್ಯಾಂಕ್ ಮೂರು ಮೀಟರ್ ಮೇಲೆ ಅಂದ್ರೆ 0.3 ಬಾರ್, ಅದರಲ್ಲಿ ಆ ಶವರ್ ಅಷ್ಟೇ. ಮೊದಲು ಶವರ್ ತಲೆ ಬಿಚ್ಚಿ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಲ್ಲಿ ನೆನೆಸಿ ತೂತು ಕ್ಲೀನ್ ಮಾಡಿ, ಆಮೇಲೂ ಬೇಕಂದ್ರೆ ಪ್ರೆಶರ್ ಪಂಪ್, ಇಲ್ಲ ಬಕೆಟ್.

ಹಂಪ್ ಮೇಲೆ ಹೋಗುತ್ತಾ ನಿಮ್ ಗಾಡಿ?

ಎಲ್ರೂ ಕೇಳೋ ಪ್ರಶ್ನೆ ಇದೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್ ಅಂದ್ರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ಅದರ ಮೇಲೆ ಯಾವ ಸ್ಪೋರ್ಟ್ಸ್ ಕಾರಾದ್ರೂ ಆರಾಮಾಗಿ ಹೋಗುತ್ತೆ. ತೊಂದ್ರೆ ಇರೋದು ಏರಿಯಾದವರು ರಾತ್ರೋರಾತ್ರಿ ಹಾಕಿರೋ ಗೋಡೆ ಥರದ್ದರಲ್ಲಿ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ, ಹಿಂದಿನವರು ಹಾರ್ನ್ ಹೊಡೆದ್ರೆ ಹೊಡ್ಕೊಳ್ಲಿ. ಮುಂದಿನ ಬಂಪರಿನ ಕೆಳಗಿನ ಕಪ್ಪು ರಬ್ಬರ್ ತುಟಿ ಉಜ್ಜಲಿ ಅಂತಾನೇ ಇರೋದು, ಆ ಸದ್ದಿಗೆ ಎದೆ ಹಿಡ್ಕೋಬೇಡಿ.

ಇ20 (20% ಎಥನಾಲ್ ಬೆರೆಸಿದ) ಪೆಟ್ರೋಲ್ ಹಾಕ್ಬೋದಾ?

ಗಾಡಿ ಮ್ಯಾನುಯಲ್ ನೋಡಿ, ಹಳೇವು ಬಹಳಷ್ಟು 10% ಎಥನಾಲಿಗೆ ಮಾತ್ರ ಮಾಡಿದ್ದು. ಎಥನಾಲ್ ಗಾಳಿಯ ತೇವ ಹೀರ್ಕೊಳ್ಳುತ್ತೆ, ತಿಂಗಳುಗಟ್ಲೆ ನಿಲ್ಲೋ ಗಾಡಿಗೆ ಅದು ಒಳ್ಳೇದಲ್ಲ, ಹಳೇ ರಬ್ಬರ್ ಪೈಪಿಗೂ ಅಲ್ಲ. 100 ಆಕ್ಟೇನ್ ಪೆಟ್ರೋಲ್ ಸಿಟಿಯ ಕೆಲವು ಬಂಕಲ್ಲಿ ಸಿಗುತ್ತೆ, ಲೀಟರಿಗೆ 150ರ ಮೇಲೆ. ಕಡಿಮೆ ಓಡಿಸೋರು ಅದನ್ನೇ ಹಾಕ್ತಾರೆ. ದಿನಾ ಓಡಿಸೋರಿಗೆ ಕಷ್ಟ.

ವಿದೇಶಕ್ಕೆ ಹೋಗ್ತಿದೀನಿ, ಮೂರು ತಿಂಗಳು ಕಾರೂ ಮನೇನೂ ಖಾಲಿ. ಏನ್ ಮಾಡಿ ಹೋಗ್ಲಿ?

ಮನೆಗೆ ಮೇನ್ ವಾಲ್ವ್ ಮುಚ್ಚಿ, ಗೀಸರ್ ಎಂಸಿಬಿ ಆಫ್, ವಾಷಿಂಗ್ ಮೆಷಿನ್ ನಲ್ಲಿ ಮುಚ್ಚಿ, ನಹಾನಿ ಟ್ರಾಪ್‌ಗಳಿಗೆ ಒಂದೊಂದು ಚಮಚ ಅಡುಗೆ ಎಣ್ಣೆ ಹಾಕಿ, ಒಳಗಿನ ನೀರು ಬೇಗ ಆರಲ್ಲ, ಜಿರಳೆ ವಾಸನೆ ಬರಲ್ಲ. ಗೇಟ್ ವಾಲ್ವ್ ವರ್ಷಗಟ್ಲೆ ಮುಟ್ಟಿಲ್ಲ ಅಂದ್ರೆ ಹೊರಡೋ ದಿನ ತಿರುಗಿಸಕ್ಕೆ ಹೋಗ್ಬೇಡಿ, ಒಂದು ವಾರ ಮುಂಚೆ ನೋಡಿ, ಮುರಿದ್ರೆ ಟೈಮ್ ಇರುತ್ತೆ.

ಕಾರಿಗೆ ಬ್ಯಾಟರಿ ಮೇಂಟೇನರ್ (ಚಾರ್ಜ್ ಇಳೀದಂಗೆ ನೋಡ್ಕೊಳ್ಳೋ ಸಣ್ಣ ಚಾರ್ಜರ್), ಅದಕ್ಕೆ ಪಾರ್ಕಿಂಗಲ್ಲಿ ಪ್ಲಗ್ ಇಲ್ಲ ಅಂದ್ರೆ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಬಾನೆಟ್ ಕರೆಂಟಲ್ಲಿ ತೆರೆಯೋ ಗಾಡಿ ಆದ್ರೆ ಬಿಚ್ಚೋ ಮುಂಚೆ ಯೋಚ್ನೆ ಮಾಡಿ. ಫುಲ್ ಚಾರ್ಜ್ ಅಂದ್ರೆ 12.6 ವೋಲ್ಟ್ ಮೇಲೆ, 12ಕ್ಕಿಂತ ಕೆಳಗೆ ಇಳಿದು ವಾರಗಟ್ಲೆ ಬಿದ್ದಿದ್ರೆ ಬ್ಯಾಟರಿ ಮತ್ತೆ ಮೊದಲಿನಂಗೆ ಆಗಲ್ಲ. ಟೈರಿಗೆ ನಾಲ್ಕೈದು ಪಿಎಸ್‌ಐ ಜಾಸ್ತಿ ಗಾಳಿ. ಹ್ಯಾಂಡ್ ಬ್ರೇಕ್ ಬೇಡ, ಗೇರಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು. ಇಲಿ ಮಾತ್ರ ದೇವರೇ ಗತಿ, ಬಾನೆಟ್ ತೆಗೆದಿಟ್ರೆ ಬೆಚ್ಚಗೆ ಕತ್ತಲೆ ಇಲ್ಲಾಂತ ಬರಲ್ಲ ಅಂತಾರೆ, ಪಕ್ಕದಲ್ಲಿ ಲೈಟ್ ಇಡ್ತಾರೆ, ನಾಯಿಗೆ ಅಂತ ಇಟ್ಟ ಅನ್ನದ ತಟ್ಟೆ ಕಾರ್ ಹತ್ರ ಇಡಬಾರ್ದು ಅನ್ನೋದಂತೂ ಸತ್ಯ.

ಬಂದ್ಮೇಲೆ ಟೈರ್ ಸೈಡಲ್ಲಿ ನಾಲ್ಕಂಕಿ ನೋಡಿ, 2319 ಅಂದ್ರೆ 2019ರ 23ನೇ ವಾರ ತಯಾರಾದದ್ದು. ಹಲ್ಲು ಎಷ್ಟೇ ಇರ್ಲಿ, ಆರೇಳು ವರ್ಷ ದಾಟಿದ ಟೈರಲ್ಲಿ ಜೋರಾಗಿ ಹೋಗ್ಬೇಡಿ. ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ, ಓಡ್ಲಿ ಬಿಡ್ಲಿ.

ಮಳೇಲಿ ಕಾರ್ ಮುಳುಗಿದ್ರೆ?

ಸ್ಟಾರ್ಟ್ ಮಾಡ್ಬೇಡಿ. ಕೀ ಕೂಡ ಹಾಕ್ಬೇಡಿ. 2022ರ ಸೆಪ್ಟೆಂಬರಲ್ಲಿ ಯಮಲೂರು, ಸರ್ಜಾಪುರ ರೋಡ್ ಕಡೆ ಕೋಟಿ ಬೆಲೆಯ ಗಾಡಿಗಳು ತೇಲಿದ್ದು ಎಲ್ಲಾ ನೋಡಿದೀವಿ. ಇಂಜಿನ್ ಒಳಗೆ ನೀರು ಹೋಗಿದ್ದು ತಿರುಗಿಸಿದ್ರೆ ನೀರನ್ನ ಒತ್ತಕ್ಕೆ ಆಗಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಅದಕ್ಕೆ ಮಾಮೂಲಿ ಇನ್ಶೂರೆನ್ಸ್ ಸಾಮಾನ್ಯವಾಗಿ ಬರಲ್ಲ, ಇಂಜಿನ್ ಪ್ರೊಟೆಕ್ಟ್ ಅನ್ನೋ ಆಡ್ ಆನ್ ಬೇಕು, ಹಳೇ ಗಾಡಿಗೆ ಅದನ್ನ ಕೊಡ್ತಾರಾ ಅಂತ ಪಾಲಿಸಿ ತಗೊಳ್ಳೋವಾಗಲೇ ಕೇಳಿ. ಫೋಟೋ ತೆಗೆದು, ಬ್ಯಾಟರಿ ಬಿಚ್ಚಿ, ಟೋ ಮಾಡಿಸಿ. ಮನೆ ನೀರಿನ ಸಂಪ್‌ಗೆ ಮೋರಿ ನೀರು ಸೇರಿದ್ರೆ ಅದೂ ಖಾಲಿ ಮಾಡಿ ತೊಳೆದು ಬ್ಲೀಚಿಂಗ್ ಪೌಡರ್ ಹಾಕೋ ತನಕ ಮೋಟರ್ ಹಾಕ್ಬೇಡಿ.

ಸಿಂಕ್ ಬ್ಲಾಕ್, ಯಾವ ಪೌಡರ್ ಒಳ್ಳೇದು?

ಪೌಡರ್ ಕೊನೇಗೆ. ಕೆಳಗೆ ಬಕೆಟ್ ಇಟ್ಟು ಬಾಟಲ್ ಟ್ರಾಪ್ ಕೈಯಲ್ಲೇ ಬಿಚ್ಚಿ, ಕಾಫಿ ಗಸಿ ಜಿಡ್ಡು ಎಲ್ಲಾ ಅಲ್ಲೇ ಕೂತಿರುತ್ತೆ. ಪೌಡರ್ ಅಂದ್ರೆ ಕಾಸ್ಟಿಕ್ ಸೋಡಾ, ಅದನ್ನ ಹಾಕಿ ಕೆಲಸ ಆಗ್ಲಿಲ್ಲ ಅಂತ ಮೇಲೆ ಆಸಿಡ್ ಸುರಿಯೋರು ಇದಾರೆ, ಮುಖಕ್ಕೇ ಸಿಡಿಯುತ್ತೆ. ಪೌಡರ್ ಹಾಕಿದ್ರೆ ಪ್ಲಂಬರಿಗೆ ಮೊದಲೇ ಹೇಳಿ, ಪಾಪ ಬರಿಗೈ ಹಾಕ್ತಾನೆ.

ಎರಡಕ್ಕೂ ಆಗೋ ಟೂಲ್ಸ್?

ಟಾರ್ಚ್, ಗ್ಲೌಸ್, ಸ್ಕ್ರೂಡ್ರೈವರ್ ಸೆಟ್, ಅಲೆನ್ ಕೀ, ಬಕೆಟ್. ಹತ್ತಿಂಚಿನ ಅಡ್ಜಸ್ಟಬಲ್ ಸ್ಪ್ಯಾನರ್ ಮತ್ತು ಪೈಪ್ ರೆಂಚ್ ಮನೆಗೆ ಮಾತ್ರ, ಕಾರ್ ಬೋಲ್ಟ್ ಮೂಲೆ ತಿಂದಾಕುತ್ತೆ. ಸಾಕೆಟ್ ಸೆಟ್, ಟಾರ್ಕ್ ರೆಂಚ್ ಕಾರಿಗೆ ಮಾತ್ರ. 10 ಎಂಎಂ ಸಾಕೆಟ್ ಎರಡು ತಗೊಳ್ಳಿ, ಒಂದು ಕಳೆದುಹೋಗೇ ಹೋಗುತ್ತೆ. ಜಾಕ್ ಮೇಲೆ ನಿಂತಿರೋ ಕಾರ್ ಕೆಳಗೆ ಹೋಗ್ಬೇಡಿ, ಆಕ್ಸಲ್ ಸ್ಟ್ಯಾಂಡ್ ಇಲ್ಲಾಂದ್ರೆ ಆ ಕೆಲಸವೇ ಬೇಡ.

ಜೋರಾಗಿ ಓಡ್ಸಕ್ಕೆ ಎಲ್ಲಿಗೆ ಹೋಗ್ತೀರಾ?

ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ 100 ಲಿಮಿಟ್, ಕ್ಯಾಮೆರಾ ಕಂಬಕ್ಕೊಂದು. ಕರ್ನಾಟಕದಲ್ಲಿ ಕಾರ್ ರೇಸ್ ಟ್ರ್ಯಾಕ್ ಇಲ್ಲ, ಚೆನ್ನೈ ಹತ್ರ ಇರುಂಗಾಟುಕೋಟೈ ಟ್ರ್ಯಾಕ್ ಇದೆ, 3.7 ಕಿಲೋಮೀಟರ್, ಟ್ರ್ಯಾಕ್ ಡೇ ಇದ್ದಾಗ ದುಡ್ಡು ಕಟ್ಟಿ ಹೋಗ್ಬೋದು. ಕೊಯಮತ್ತೂರಲ್ಲಿ ಕರಿ ಸ್ಪೀಡ್‌ವೇ ಇದೆ. ಸ್ಪೀಡ್ ಬೇಡ ತಿರುವು ಸಾಕು ಅಂದ್ರೆ ಕುದುರೆಮುಖದ ರೋಡ್, ಬೆಳಿಗ್ಗೆ ಬೇಗ, ಮಂಜು ಇಲ್ಲದ ತಿಂಗಳಲ್ಲಿ.

ಮೈಲೇಜ್ ಎಷ್ಟ್ ಕೊಡುತ್ತೆ?

ಸಿಟೀಲಿ ಆರೋ ಏಳೋ. ಮನೇಲಿ ಕೇಳಿದ್ರೆ ಹನ್ನೆರಡು.